ಲ್ಯಾಂಕಾಸ್ಟರ್‌ನ ಮಂದ್ರಸ್ವರ ಮತ್ತು ಮೂವತ್ತು ಹಾರಾಟಗಳ ಲೆಕ್ಕ

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿರುವ ಕನಿಂಗ್ಸ್‌ಬಿ ವಾಯುನೆಲೆಯ ಲ್ಯಾಂಕಾಸ್ಟರ್ ಬಾಂಬರ್, ಎರಡನೆಯ ಮಹಾಯುದ್ಧದಲ್ಲಿ ಮಡಿದ ವೈಮಾನಿಕರ ಸ್ಮರಣೆಗಾಗಿ ಬೇಸಿಗೆಯಲ್ಲಿ ಹಾರುತ್ತದೆ. ಅದು ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕಾದು ನಿಂತವರ ಎದೆಗೆ ತಾಕುತ್ತದೆ. ಜೆಟ್ ವಿಮಾನಗಳ ಅಬ್ಬರಕ್ಕೆ ಒಗ್ಗಿದ ಕಿವಿಗೆ ಈ ಏರಿಳಿತದ ಗುಂಯ್‌ಗಾನ ಹೊಸದು.

ಸದ್ದಿನ ಮೂಲ ನಾಲ್ಕು ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್‌ಗಳು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ವೇಗ ತಗ್ಗಿಸುವ ಗಿಯರ್‌ಗಳಿಂದಾಗಿ ಪ್ರೊಪೆಲರ್ ತಿರುಗುವುದು 840 ಸುತ್ತು, ಅಂದರೆ ಸೆಕೆಂಡಿಗೆ 14. ಪ್ರತಿ ಸುತ್ತಿನಲ್ಲೂ ಮೂರು ಅಲಗುಗಳು ಗಾಳಿಯನ್ನು ಬಡಿಯುವುದರಿಂದ 42 ಹರ್ಟ್ಸ್‌ನ ಸ್ವರ ಹುಟ್ಟುತ್ತದೆ. ನಮ್ಮ ಕಿವಿ ಗ್ರಹಿಸಬಲ್ಲ ಸ್ವರಗಳಲ್ಲಿ ಇದು ತೀರಾ ಕೆಳಗಿನದು. ನಾಲ್ಕೂ ಎಂಜಿನ್‌ಗಳ ವೇಗವನ್ನು ಕರಾರುವಾಕ್ಕಾಗಿ ಸರಿಹೊಂದಿಸುವುದು ಕಷ್ಟ. ಒಂದು 42, ಇನ್ನೊಂದು 43 ಹರ್ಟ್ಸ್‌ನಲ್ಲಿ ಮೊಳಗಿದರೆ ಎರಡರ ಅಲೆಗಳು ಸೆಕೆಂಡಿಗೊಮ್ಮೆ ಕೂಡಿ ಬಲಗೊಳ್ಳುತ್ತವೆ, ಮರುಕ್ಷಣ ಒಂದನ್ನೊಂದು ಅಳಿಸಿ ಕ್ಷೀಣಿಸುತ್ತವೆ. ಪಿಯುಸಿಯ ಭೌತವಿಜ್ಞಾನದಲ್ಲಿ ಬೀಟ್ಸ್ ಎಂದು ಓದುವುದು ಇದನ್ನೇ. ತಂಬೂರಿಯ ಶ್ರುತಿ ಕೂಡಿಸುವವರು ಕಿವಿಗೊಟ್ಟು ಆಲಿಸುವುದೂ ಇದನ್ನೇ.

ನೋಡುಗರಿಗೆ ಒಂದೆರಡು ನಿಮಿಷ ಕೇಳಿಸುವ ಈ ಸದ್ದಿನೊಳಗೆ ಯುದ್ಧಕಾಲದಲ್ಲಿ ಏಳು ಜನರ ತಂಡ ರಾತ್ರಿಯಲ್ಲಿ ಎಂಟು ಗಂಟೆಗಳವರೆಗೂ ಕುಳಿತಿರುತ್ತಿತ್ತು. ಸುಮಾರು ಆರು ಸಾವಿರ ಮೀಟರ್ ಎತ್ತರದಲ್ಲಿ ಆಮ್ಲಜನಕದ ಮುಖವಾಡವಿಲ್ಲದೆ ಹೆಚ್ಚು ಹೊತ್ತು ಎಚ್ಚರವಾಗಿರುವುದು ಸಾಧ್ಯವಿರಲಿಲ್ಲ. ಬಾಲದ ತುದಿಯ ಗಾಜುಗೂಡಿನಲ್ಲಿ ಒಂಟಿಯಾಗಿರುತ್ತಿದ್ದ ಬಂದೂಕುಗಾರ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಧರಿಸುತ್ತಿದ್ದ. ಶತ್ರುವಿಮಾನ ಸ್ಪಷ್ಟವಾಗಿ ಕಾಣಲೆಂದು ಎದುರಿನ ಪಾರದರ್ಶಕ ಹಾಳೆಯನ್ನೇ ಕೆಲವರು ತೆಗೆಸಿಹಾಕುತ್ತಿದ್ದರು.

ತಂಡವೊಂದರ ಕರ್ತವ್ಯದ ಒಂದು ಸರದಿಯೆಂದರೆ ಸಾಮಾನ್ಯವಾಗಿ 30 ದಾಳಿಗಳು. ಪ್ರತಿ ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನಗಳು ಮರಳುವುದಿಲ್ಲ ಎಂದುಕೊಳ್ಳೋಣ. ಕೇಳಲು ಸಣ್ಣದೆನಿಸುವ ಈ ಪ್ರಮಾಣದ ಕ್ರೌರ್ಯ ಕಾಣುವುದು 0.96ನ್ನು ಮೂವತ್ತು ಬಾರಿ ಗುಣಿಸಿದಾಗ: ಉತ್ತರ ಸುಮಾರು 0.29. ನೂರು ತಂಡಗಳಲ್ಲಿ ಸರದಿ ಮುಗಿಸುವವು ಇಪ್ಪತ್ತೊಂಬತ್ತು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್‌ಗೆ ಹೊರಟ 795 ವಿಮಾನಗಳಲ್ಲಿ 95 ನಷ್ಟವಾದವು, ಅಂದರೆ ನೂರಕ್ಕೆ ಹನ್ನೆರಡು. ಯುದ್ಧ ಮುಗಿಯುವಷ್ಟರಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್‌ನ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಸತ್ತಿದ್ದರು. ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಅವರ ಸ್ಮಾರಕ ಎದ್ದದ್ದು 2012ರಲ್ಲಿ. ಬಾಂಬ್ ದಾಳಿಯಲ್ಲಿ ಜರ್ಮನಿಯ ಹ್ಯಾಂಬರ್ಗ್, ಡ್ರೆಸ್ಡೆನ್‌ಗಳಲ್ಲಿ ಸುಟ್ಟುಹೋದ ನಾಗರಿಕರನ್ನು ನೆನೆದರೆ ಆ ವಿಳಂಬದ ಹಿಂದಿನ ಮುಜುಗರ ಅಕಾರಣವೆನ್ನಲಾಗದು. ಬಾಂಬ್ ದಾಳಿಗೆ ಬಲಿಯಾದ ಎಲ್ಲ ದೇಶದವರನ್ನೂ ಆ ಸ್ಮಾರಕದ ಬರಹ ನೆನೆಯುವುದು ನನಗೆ ಸರಿಯೆನಿಸುತ್ತದೆ.

ಕನಿಂಗ್ಸ್‌ಬಿಯ ಲ್ಯಾಂಕಾಸ್ಟರ್, ಅದರ ಸಂಖ್ಯೆ ಪಿಎ474, ತಯಾರಾದದ್ದು 1945ರಲ್ಲಿ. ಅದು ಯುದ್ಧ ಮಾಡಲೇ ಇಲ್ಲ. ಹಾರಬಲ್ಲ ಇನ್ನೊಂದು ಲ್ಯಾಂಕಾಸ್ಟರ್ ಇರುವುದು ಕೆನಡಾದ ಹ್ಯಾಮಿಲ್ಟನ್‌ನಲ್ಲಿ. ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ, ಎಷ್ಟೇ ಸಣ್ಣದಾಗಿರಲಿ, ಒಂದಲ್ಲ ಒಂದು ದಿನ ಬಿರುಕಿಗೆ ದಾರಿಮಾಡುತ್ತದೆ. ಹಾಗಾಗಿ ಪಿಎ474ರ ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆಯನ್ನು 1990ರ ದಶಕದಲ್ಲಿ ಬದಲಿಸಲಾಯಿತು. ಈಗಲೂ ಅದರ ಹಾರಾಟದ ಗಂಟೆಗಳನ್ನು ಲೆಕ್ಕವಿಟ್ಟು ಖರ್ಚು ಮಾಡುತ್ತಾರೆ.

ಹೀಗೆ ಹಳೆಯ ಬಾಂಬರ್‌ಗಳನ್ನು ಉಳಿಸಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಅಮೆರಿಕನ್ ನಿರ್ಮಿತ ಲಿಬರೇಟರ್‌ಗಳನ್ನು ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ದುರಸ್ತಿ ಮಾಡಿ, 1948ರಿಂದ ವಾಯುಸೇನೆಗೆ ಒಪ್ಪಿಸಿತು. ಅವು 1968ರವರೆಗೆ ಸೇವೆಯಲ್ಲಿದ್ದವು. ಇಂದು ಜಗತ್ತಿನ ಸಂಗ್ರಹಾಲಯಗಳಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನದೂ ಸೇರಿ, ಭಾರತೀಯ ವಾಯುಸೇನೆಯಿಂದ ಹೋದಂಥವು.