ಎರಡನೇ ಸುತ್ತಿನ ಪರಿಚಯ

ಕಂಪನಿಗಳಿಗೆ ಬೇಕಾದ ಜನರನ್ನು ಹುಡುಕಿಕೊಡುವುದು ನನ್ನ ಕೆಲಸ. ದಿನದ ಹೆಚ್ಚು ಹೊತ್ತು ನನ್ನ ಮುಂದೆ ತೆರೆದಿರುವುದು ಲಿಂಕ್ಡ್‌ಇನ್, ಅಂದರೆ ಉದ್ಯೋಗದ ಪರಿಚಯಗಳಿಗಾಗಿ ಇರುವ ಜಾಲತಾಣ. ಕೆಲಸ ಹುಡುಕುತ್ತಿರುವವರು ನನ್ನ ಹತ್ತಿರ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಇನ್ನೂರು ಕಡೆ ಅಪ್ಲೈ ಮಾಡಿದೆ, ಒಬ್ಬರೂ ಉತ್ತರ ಕೊಟ್ಟಿಲ್ಲ." ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಎಷ್ಟು ಜನರ ಜೊತೆ ಮಾತಾಡಿದಿರಿ ಎಂದು ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ಈ ತಾಣವನ್ನು ಕಟ್ಟಿದ್ದೇ ಪರಿಚಯ ಮಾಡಿಸಲು. ಅರ್ಜಿ ಹಾಕುವ ಗುಂಡಿ ಆಮೇಲೆ ಬಂದದ್ದು.

2002ರಲ್ಲಿ ಆನ್‌ಲೈನ್ ಮಾರಾಟದ ಈಬೇ ಕಂಪನಿ, ಆನ್‌ಲೈನ್ ಹಣ ಪಾವತಿಯ ಪೇಪಾಲ್ ಅನ್ನು ಕೊಂಡುಕೊಂಡಿತು. ಪೇಪಾಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ರೀಡ್ ಹಾಫ್‌ಮನ್, ಅದೇ ವರ್ಷದ ಕೊನೆಗೆ ನಾಲ್ವರು ಜೊತೆಗಾರರನ್ನು ಸೇರಿಸಿಕೊಂಡು ಕ್ಯಾಲಿಫೋರ್ನಿಯಾದ ತಮ್ಮ ಮನೆಯ ಹಾಲ್‌ನಲ್ಲೇ ಕೆಲಸ ಶುರುಮಾಡಿದರು. 2003ರ ಮೇ 5ರಂದು ಲಿಂಕ್ಡ್‌ಇನ್ ತಾಣ ತೆರೆಯಿತು. ಮೊದಲ ತಿಂಗಳಲ್ಲಿ ಸೇರಿದವರು ಸುಮಾರು 4,500 ಜನ. ರೆಸ್ಯೂಮೆ ಹಾಕುವ ತಾಣಗಳು ಆಗಲೇ ಇದ್ದವು. ಯಾರಿಗೆ ಯಾರು ಗೊತ್ತು ಎಂಬುದು ಕಣ್ಣಿಗೆ ಕಾಣುತ್ತಿದ್ದದ್ದೇ ಲಿಂಕ್ಡ್‌ಇನ್‌ನ ಹೊಸತನ. ನಿಮಗೆ ನೇರ ಪರಿಚಯ ಇರುವವರು ಮೊದಲ ಸುತ್ತು. ಅವರಿಗೆ ಗೊತ್ತಿರುವವರು ಎರಡನೇ ಸುತ್ತು. ಹೆಸರಿನ ಪಕ್ಕ ಈಗಲೂ ಆ ಅಂಕಿ ಕಾಣುತ್ತದೆ, ಅಲ್ವಾ? ಆಗೆಲ್ಲ ಎರಡನೇ ಸುತ್ತಿನವರನ್ನು ತಲುಪಬೇಕಾದರೆ ನಡುವೆ ಇರುವವರನ್ನು ಕೇಳಬೇಕಿತ್ತು. ಅವರು ಒಪ್ಪಿದರೆ ನಿಮ್ಮ ಪತ್ರವನ್ನು ಮುಂದಕ್ಕೆ ಕಳಿಸುತ್ತಿದ್ದರು. ಆ ಸೌಲಭ್ಯ ಈಗ ಇಲ್ಲ. ಆದರೆ ಅದರ ಹಿಂದಿನ ಯೋಚನೆ ಇವತ್ತಿಗೂ ಹಳತಾಗಿಲ್ಲ.

ಉಳಿದ ಇತಿಹಾಸ ಬೇಗ ಹೇಳಿಬಿಡುತ್ತೇನೆ. 2005ರಲ್ಲಿ ಹಣ ಕೊಟ್ಟು ಉದ್ಯೋಗದ ಜಾಹೀರಾತು ಹಾಕುವ ವ್ಯವಸ್ಥೆ ಬಂತು. ಮರುವರ್ಷ ಕಂಪನಿ ಲಾಭ ಕಂಡಿತು. 2011ರಲ್ಲಿ 45 ಡಾಲರಿಗೆ ಕೊಟ್ಟ ಷೇರು ಮೊದಲ ದಿನವೇ 94 ಡಾಲರ್ ದಾಟಿ ನಿಂತಿತು. 2012ರಲ್ಲಿ ಪಾಸ್‌ವರ್ಡ್‌ಗಳ ದೊಡ್ಡ ಕಳವಾಯಿತು. ಹಳೆಯ ಪಾಸ್‌ವರ್ಡ್ ಇನ್ನೂ ಇಟ್ಟುಕೊಂಡಿದ್ದರೆ ಇವತ್ತೇ ಬದಲಿಸಿ. 2016ರಲ್ಲಿ ಮೈಕ್ರೋಸಾಫ್ಟ್ 2,620 ಕೋಟಿ ಡಾಲರ್ ಕೊಟ್ಟು ಇಡೀ ಕಂಪನಿಯನ್ನು ಕೊಂಡಿತು. 2023ರ ಹೊತ್ತಿಗೆ ಸದಸ್ಯರು 100 ಕೋಟಿ ದಾಟಿದ್ದರು.

ಈ ತಾಣಕ್ಕೆ ಜಾಸ್ತಿ ಹಣ ಬರುವುದು ನನ್ನಂಥ ನೇಮಕಾತಿಯವರಿಂದ. ಹಾಗಾಗಿ ನಾವು ಹೇಗೆ ಹುಡುಕುತ್ತೇವೆ ಎಂಬುದು ನಿಮಗೆ ಗೊತ್ತಿರಬೇಕು. ನಾವು ಹುದ್ದೆಯ ಹೆಸರು, ಕೌಶಲ, ಊರು, ಅನುಭವದ ವರ್ಷ ಕೊಟ್ಟು ಹುಡುಕುತ್ತೇವೆ. ಎಷ್ಟೋ ಜನರ ಹೆಸರಿನ ಕೆಳಗೆ "ಹೊಸ ಅವಕಾಶಗಳ ಹುಡುಕಾಟದಲ್ಲಿ" ಎಂದಷ್ಟೇ ಇರುತ್ತದೆ. ಆ ಪದಗಳನ್ನು ಹಾಕಿ ಯಾರೂ ಹುಡುಕುವುದಿಲ್ಲ. ಆ ಸಾಲಿನಲ್ಲಿ 220 ಅಕ್ಷರಗಳಿಗೆ ಜಾಗವಿದೆ. ನೀವು ಮಾಡುವ ಕೆಲಸದ ಹೆಸರನ್ನು ಅಲ್ಲಿ ನೇರವಾಗಿ ಬರೆಯಿರಿ. ಕೆಲಸ ಹುಡುಕುತ್ತಿದ್ದೀರಿ ಎಂದು ತಿಳಿಸಲು ಬೇರೆಯೇ ಸೆಟ್ಟಿಂಗ್ ಇದೆ. ಅದನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆಯೂ ಇಡಬಹುದು. ಈಗ ಇರುವ ಕಂಪನಿಯವರಿಗೆ ಅದು ಖಂಡಿತ ಕಾಣುವುದಿಲ್ಲ ಎಂದು ಮಾತ್ರ ನಂಬಬೇಡಿ. ತಾಣವೇ ಆ ಭರವಸೆ ಕೊಡುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. ಕೆಲಸ ಬೇಕಾದಾಗ ನಾವು ಮೊದಲು ಕೇಳುವುದು ಆಪ್ತರನ್ನು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು, ಆ ವ್ಯಕ್ತಿಯನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ಆಗಾಗ ಎಂದವರು 100ಕ್ಕೆ ಸುಮಾರು 17 ಮಾತ್ರ. ಯಾವಾಗಲೋ ಒಮ್ಮೊಮ್ಮೆ ಎಂದವರು ಸುಮಾರು 56. ತೀರಾ ಅಪರೂಪ ಎಂದವರು ಸುಮಾರು 28. ಕಾರಣ ಸರಳ. ಆಪ್ತರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಜನರ ನಡುವೆ ಇರುವವರಿಂದ.

ಐದು ವರ್ಷ ಲಿಂಕ್ಡ್‌ಇನ್‌ನಲ್ಲೇ ನಡೆದ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2 ಕೋಟಿಗೂ ಹೆಚ್ಚು ಜನರಿಗೆ ತೋರಿಸುವ "ಇವರು ನಿಮಗೆ ಗೊತ್ತಿರಬಹುದು" ಪಟ್ಟಿಯನ್ನು ಬೇರೆ ಬೇರೆ ರೀತಿ ಬದಲಿಸಿ ನೋಡಿದ್ದರು. ಆ ಜನರಿಗೆ ಇದು ತಿಳಿಸಿರಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ. ಆದರೆ ಗೊತ್ತಾದ ಸಂಗತಿ ಉಪಯೋಗದ್ದು. ತೀರಾ ಹತ್ತಿರದವರೂ ಅಲ್ಲ, ಪೂರಾ ಅಪರಿಚಿತರೂ ಅಲ್ಲ. ಇಬ್ಬರಿಗೂ ಗೊತ್ತಿರುವವರು ಸುಮಾರು ಹತ್ತು ಜನ ಇರುವಂಥ ನಡುವಿನ ನಂಟುಗಳೇ ಹೊಸ ಕೆಲಸಕ್ಕೆ ಜಾಸ್ತಿ ನೆರವಾಗಿದ್ದವು.

ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಮಗು ಹುಟ್ಟಿದ ಮೇಲೆ ಐದು ವರ್ಷ ಮನೆಯಲ್ಲಿದ್ದ ಅಕೌಂಟೆಂಟ್ ಒಬ್ಬರು ಸಲಹೆ ಕೇಳಿ ಬಂದಿದ್ದರು. ಅಪ್ಲೈ ಮಾಡಿ ಮಾಡಿ ಸೋತಿದ್ದರು. ಹಳೆಯ ಆಫೀಸಿನ ಹತ್ತು ಜನರ ಹೆಸರು ಬರೆಯಿರಿ ಎಂದೆ. "ಇಷ್ಟು ವರ್ಷ ಮಾತೇ ಆಡಿಲ್ಲ, ಈಗ ಹೇಗೆ ಕೇಳಲಿ?" ಎಂದು ತುಂಬಾ ಸಂಕೋಚ ಪಟ್ಟರು. ಇಬ್ಬರೂ ಕೂತು ಒಂದು ಸಂದೇಶ ಬರೆದೆವು. "ನಾವಿಬ್ಬರೂ ಆಡಿಟ್ ತಂಡದಲ್ಲಿ ಒಟ್ಟಿಗೆ ಇದ್ದೆವು. ನಾನು ಮತ್ತೆ ಕೆಲಸಕ್ಕೆ ಬರುತ್ತಿದ್ದೇನೆ. ನಿಮ್ಮ ಈಗಿನ ಕಂಪನಿಯಲ್ಲಿ ಜಿಎಸ್‌ಟಿ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಹದಿನೈದು ನಿಮಿಷ ಮಾತಾಡಲು ಸಾಧ್ಯವೇ?" ಸಂದೇಶ ಇಷ್ಟೇ. ಕೆಲಸ ಕೊಡಿಸಿ ಎಂದು ಎಲ್ಲೂ ಕೇಳಿಲ್ಲ, ರೆಸ್ಯೂಮೆ ಅಂಟಿಸಿಲ್ಲ. ಹತ್ತರಲ್ಲಿ ನಾಲ್ವರು ಉತ್ತರಿಸಿದರು. ಅವರಲ್ಲಿ ಒಬ್ಬರು ತಮ್ಮ ಗೆಳತಿಯ ಕಂಪನಿಗೆ ಇವರ ಹೆಸರು ಹೇಳಿದರು. ಆ ಗೆಳತಿ ಇವರಿಗೆ ಎರಡನೇ ಸುತ್ತಿನವರು. ಕೆಲಸ ಸಿಕ್ಕಿದ್ದು ಅಲ್ಲೇ.

ನೀವೂ ಬರೆಯುವುದಾದರೆ ಒಂದೇ ಸಂದೇಶವನ್ನು ಐವತ್ತು ಜನರಿಗೆ ಕಳಿಸಬೇಡಿ. ಓದಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕೆಲಸಕ್ಕೆ ಮುಂಚೆಯೇ ಹಣ ಕೇಳುವ "ರಿಕ್ರೂಟರ್" ಎದುರಾದರೆ ಮಾತು ಅಲ್ಲಿಗೇ ನಿಲ್ಲಿಸಿ. ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಒಂದು ಸಲ ನೆನಪಿಸಿ. ಮೂರನೇ ಸಲ ಬರೆಯಬೇಡಿ, ಪಟ್ಟಿಯಲ್ಲಿರುವ ಮುಂದಿನವರಿಗೆ ಬರೆಯಿರಿ.