ಕಥೆ ಗೊತ್ತಿದ್ದೂ ಹಳೇ ನಾಟಕ ಯಾಕೆ ನೋಡಬೇಕು?

ಪ್ರಶ್ನೆ: ಬಳ್ಳಾರಿ ಕಡೆ ನಮ್ಮೂರ ಜಾತ್ರೆಗೆ ಮಹಾಭಾರತದ ಕಥೆಯ 'ರಕ್ತರಾತ್ರಿ'ಯೋ 'ಕುರುಕ್ಷೇತ್ರ'ವೋ ಇದ್ದೇ ಇರುತ್ತದೆ. ಕಥೆ ಎಲ್ಲರಿಗೂ ಬಾಯಿಪಾಠ. ಈ ಹಳೇ ನಾಟಕಗಳಿಂದ ಇವತ್ತಿನವರ ಮನಸ್ಸು ಅರ್ಥವಾಗುತ್ತಾ?

ಉತ್ತರ: ಆಗುತ್ತದೆ. ಕಥೆ ಗೊತ್ತಿರುವುದರಿಂದಲೇ ಜಾಸ್ತಿ ಆಗುತ್ತದೆ. ಮುಂದೇನು ಎಂಬ ಕುತೂಹಲ ಇಲ್ಲದಾಗ ಕಣ್ಣು ಪಾತ್ರದ ಮುಖದ ಮೇಲೆ ನಿಲ್ಲುತ್ತದೆ. ಜನ 'ಒನ್ಸ್ ಮೋರ್' ಅಂತ ಕೂಗಿದರೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಮತ್ತೆ ಶುರು ಮಾಡುತ್ತಾರೆ, ಆಗಷ್ಟೇ ಬಿದ್ದವನು ಎದ್ದು ಅದೇ ಹಾಡು ಹಾಡುತ್ತಾನೆ. ಇದು ನಾಟಕ ಅಂತ ಎಲ್ಲರಿಗೂ ಗೊತ್ತು. ಆದರೂ ಎರಡನೇ ಸಲವೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವರು ಇರುತ್ತಾರೆ, ಅಲ್ವಾ?

ದುರ್ಯೋಧನನನ್ನೇ ನೋಡಿ. ರನ್ನನ ಗದಾಯುದ್ಧ ಕಾವ್ಯವೇ ಆದರೂ ಅದರಲ್ಲಿ ನಾಟಕದ ಗುಣ ಎಷ್ಟಿದೆಯೆಂದರೆ, ಬಿ.ಎಂ.ಶ್ರೀ ಅದನ್ನು ನಾಟಕವಾಗಿಯೇ ಜೋಡಿಸಿದರು. ಅದರಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಬರುತ್ತಾನೆ. ಮಗ ಲಕ್ಷಣಕುಮಾರ ಸತ್ತು ಬಿದ್ದಿದ್ದಾನೆ. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ನಿನಗೆ ನಾನು ಬಿಡುವಂತಾಯಿತಲ್ಲ, ಕ್ರಮ ತಪ್ಪಿಸಿದೆಯಲ್ಲ ಮಗನೇ ಎನ್ನುತ್ತಾನೆ. ದುಃಖದ ಜೊತೆ ಮಗನ ಮೇಲೆ ಸಣ್ಣ ಸಿಟ್ಟು. ವಯಸ್ಸಿಗೆ ಬಂದ ಮಗನನ್ನು ಕಳೆದುಕೊಂಡ ಮನೆಗೆ ಹೋದವರು ಈ ದನಿ ಕೇಳಿರುತ್ತಾರೆ. ಅದೇ ರಣರಂಗದಲ್ಲಿ ಅಭಿಮನ್ಯುವಿನ ಹೆಣಕ್ಕೂ ಕೈ ಮುಗಿಯುತ್ತಾನೆ. ಕೊಂದದ್ದು ತನ್ನ ಕಡೆಯವರೇ! ಹಗೆ ಹಾಗೇ ಇದೆ, ಗೌರವವೂ ಇದೆ.

ಭಾಸನ ಸಂಸ್ಕೃತ ನಾಟಕ 'ಊರುಭಂಗ' ಇನ್ನೂ ಸಂಕಟ ಕೊಡುತ್ತದೆ. ತೊಡೆ ಮುರಿದುಕೊಂಡು ಬಿದ್ದ ದುರ್ಯೋಧನನ ಮಡಿಲಿಗೆ ಪುಟ್ಟ ಮಗ ದುರ್ಜಯ ಹತ್ತಲು ಬರುತ್ತಾನೆ. ಅಪ್ಪ ತಡೆಯುತ್ತಾನೆ. ನೋವಿಗಿಂತ ಮಗುವನ್ನು ತಡೆದದ್ದೇ ಅವನಿಗೆ ಹೆಚ್ಚು ಸುಡುತ್ತದೆ.

ಒಂದೇ ಭಾವ ಒಂಟಿಯಾಗಿ ಬರುವುದಿಲ್ಲ ಎಂಬುದನ್ನು ಭರತನ ನಾಟ್ಯಶಾಸ್ತ್ರವೂ ಗುರುತಿಸಿದೆ. ಶೋಕ, ಕ್ರೋಧದಂಥ ನೆಲೆ ನಿಲ್ಲುವ ಸ್ಥಾಯಿಭಾವಗಳು 8. ಅವುಗಳ ಜೊತೆ ಬಂದು ಹೋಗುವ ಸಂಚಾರಿಭಾವಗಳು 33: ನಾಚಿಕೆ, ಅಸೂಯೆ, ಶಂಕೆ, ದಣಿವು ಹೀಗೆ. ನಾವು ಸುಮ್ನೆ 'ಟೆನ್ಶನ್' ಅಂದು ಮುಗಿಸುವ ಕಡೆ ಇವುಗಳಲ್ಲಿ ನಾಲ್ಕಾರು ಇರುತ್ತವೆ.

ಹೆಸರಾಂತ ರಂಗನಟ ಬಳ್ಳಾರಿ ರಾಘವ (1880–1946) ವೃತ್ತಿಯಿಂದ ವಕೀಲರು. ಹರಿಶ್ಚಂದ್ರ, ದುರ್ಯೋಧನನ ಪಾರ್ಟುಗಳ ಜೊತೆ ಶೇಕ್ಸ್‌ಪಿಯರ್ ನಾಟಕಗಳಲ್ಲೂ ಅಭಿನಯಿಸಿದರು. ಕೋರ್ಟಿನಲ್ಲಿ ದಿನಾ ಕಂಡ ಮುಖಗಳು ವೇಷ ಹಾಕಿದಾಗ ಉಪಯೋಗಕ್ಕೆ ಬಂದಿರಬೇಕು ಅಂತ ನನ್ನ ಊಹೆ.

ಹಾಗಂತ ಹಳೆಯದೆಲ್ಲ ಚಿನ್ನವಲ್ಲ. ಈ ನಾಟಕಗಳಲ್ಲಿ ಹೆಂಗಸರ ಪಾಲಿಗೆ ಹೆಚ್ಚಾಗಿ ಬರುವುದು ಅಳು, ಇಲ್ಲವೇ ಶಪಥ. ದುರ್ಯೋಧನನ ಹೆಂಡತಿ ಭಾನುಮತಿಯ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದವರು ಕಡಿಮೆ.

ಮುಂದಿನ ಜಾತ್ರೆಯಲ್ಲಿ ಗದೆಯ ಕಾಳಗಕ್ಕೆ ಕಾಯಬೇಡಿ. ಅದಕ್ಕೆ ಮುಂಚೆ ದುರ್ಯೋಧನ ಒಬ್ಬನೇ ಸ್ಟೇಜಿನ ಮೇಲೆ ಇರುವ ಹೊತ್ತು ನೋಡಿ. ಜನ ಚಹಾಕ್ಕೆ ಎದ್ದು ಹೋಗುವುದು ಸಾಮಾನ್ಯವಾಗಿ ಆಗಲೇ, ಮುಂದಿನ ಸಾಲಿನಲ್ಲಿ ಜಾಗವೂ ಸಿಗುತ್ತದೆ.