ಲಂಡನ್ ಪೊಲೀಸರು ಒಪ್ಪದ ಒಂದು ಪದ

ಅತ್ಯಾಚಾರ ಪ್ರಕರಣಗಳ ಮಾದರಿಗಳನ್ನು ಕಾಪಿಡುವ ಫ್ರಿಜ್‌ಗಳು ತುಂಬಿ ತುಳುಕುತ್ತಿದ್ದವು, ಕೆಲವು ಕೆಟ್ಟು ನಿಂತಿದ್ದವು. ಒಂದರಲ್ಲಿ ಮಾದರಿಗಳ ಜೊತೆಗೇ ಯಾರದೋ ಊಟದ ಡಬ್ಬಿ ಇತ್ತು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯ ಬಗ್ಗೆ ಸ್ವತಂತ್ರ ಪರಿಶೀಲನೆ ನಡೆಸಿದ ಲೂಯಿಸ್ ಕೇಸಿ 2023ರ ಮಾರ್ಚ್‌ನಲ್ಲಿ ಕೊಟ್ಟ 363 ಪುಟಗಳ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಸಿಖ್ ಅಧಿಕಾರಿಯೊಬ್ಬರ ಗಡ್ಡ ಕತ್ತರಿಸಿದ್ದು, ಮುಸ್ಲಿಂ ಅಧಿಕಾರಿಯ ಬೂಟಿನಲ್ಲಿ ಹಂದಿಮಾಂಸ ಇಟ್ಟದ್ದು ಕೂಡ ಅದರಲ್ಲಿವೆ. ಈ ಪಡೆ ಸಾಂಸ್ಥಿಕವಾಗಿಯೇ ಜನಾಂಗೀಯವಾದಿ, ಸ್ತ್ರೀದ್ವೇಷಿ, ಸಲಿಂಗಿದ್ವೇಷಿ ಎಂದರು ಕೇಸಿ. ಕಮಿಷನರ್ ಮಾರ್ಕ್ ರೌಲಿ ಸಂಗತಿಗಳನ್ನೆಲ್ಲ ಒಪ್ಪಿದರು. ‘ಸಾಂಸ್ಥಿಕ’ ಎಂಬ ಪದವನ್ನು ಮಾತ್ರ ತಾವು ಬಳಸುವುದಿಲ್ಲ ಎಂದರು.

ಈ ಪದದ ಜಗಳ ಹಳೆಯದು. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ ಮಫ್ತಿ ಪೊಲೀಸರು ಕೆಲವೇ ದಿನಗಳಲ್ಲಿ ಸಾವಿರಕ್ಕೆ ಸಮೀಪ ಜನರನ್ನು ತಡೆದು ಶೋಧಿಸಿದ್ದರು. ಅವರಲ್ಲಿ ಕಪ್ಪು ಯುವಕರೇ ಹೆಚ್ಚು. ಬೀದಿ ಹೊತ್ತಿ ಉರಿಯಿತು. ತನಿಖೆ ನಡೆಸಿದ ಲಾರ್ಡ್ ಸ್ಕಾರ್ಮನ್ ಕೆಲವು ಅಧಿಕಾರಿಗಳ ಪೂರ್ವಗ್ರಹವನ್ನು ಟೀಕಿಸಿದರು, ಸಾಂಸ್ಥಿಕ ಜನಾಂಗೀಯತೆಯ ಆರೋಪವನ್ನು ತಳ್ಳಿಹಾಕಿದರು. ತಪ್ಪು ಸಂಸ್ಥೆಯದಲ್ಲ, ಕೆಲವು ವ್ಯಕ್ತಿಗಳದು ಎಂಬ ವಾದಕ್ಕೆ ಹೀಗೆ ಬಲ ಬಂತು.

ಎರಡೇ ವರ್ಷಗಳಲ್ಲಿ, ಪಡೆಯೇ ಮಾಡಿಸಿದ ಅಧ್ಯಯನವೊಂದು ಬೇರೆಯದನ್ನೇ ಹೇಳಿತು. ಪೊಲೀಸರೊಂದಿಗೆ ಓಡಾಡಿದ ಸಂಶೋಧಕರಿಗೆ ಜನಾಂಗೀಯ ಬೈಗುಳ, ಹೆಂಗಸರ ಬಗೆಗಿನ ತಾತ್ಸಾರ, ಗಂಡಸುತನದ ಬಡಾಯಿ ದಿನನಿತ್ಯದ ಮಾತಾಗಿ ಕೇಳಿಸಿದ್ದವು. ಎರಡು ರೋಗಗಳೂ ಒಟ್ಟಿಗೇ ಇವೆ ಎಂಬುದು 1983ರಲ್ಲಿಯೇ ಅಚ್ಚಾಗಿತ್ತು.

1993ರ ಏಪ್ರಿಲ್ 22ರ ರಾತ್ರಿ, ಬಸ್ ನಿಲ್ದಾಣದ ಬಳಿ 18 ವರ್ಷದ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿ ಯುವಕರ ಗುಂಪು ಇರಿದು ಕೊಂದಿತು. ಸ್ಥಳಕ್ಕೆ ಬಂದ ಪೊಲೀಸರು ಜೊತೆಗಿದ್ದ ಗೆಳೆಯನನ್ನು ಸಂತ್ರಸ್ತನಂತೆ ನಡೆಸಿಕೊಳ್ಳಲಿಲ್ಲ. ಶಂಕಿತರ ಹೆಸರು ಬೇಗನೆ ಸಿಕ್ಕರೂ ಬಂಧಿಸಲು ತಡಮಾಡಿದರು. ತಂದೆತಾಯಿ, ನೆವಿಲ್ ಮತ್ತು ಡೊರೀನ್, ಬೆನ್ನು ಬಿಡದೆ ಹೋರಾಡಿದ ಫಲವಾಗಿ 1999ರಲ್ಲಿ ನ್ಯಾಯಮೂರ್ತಿ ಮ್ಯಾಕ್‌ಫರ್ಸನ್ ವರದಿ ಬಂತು. ‘ಸಾಂಸ್ಥಿಕ ಜನಾಂಗೀಯತೆ’ಗೆ ಅದು ಕೊಟ್ಟ ವ್ಯಾಖ್ಯಾನ ನನಗೆ ಇಂದಿಗೂ ಸರಿಯೆನಿಸುತ್ತದೆ: ಪ್ರತಿಯೊಬ್ಬ ಪೊಲೀಸನೂ ದ್ವೇಷಿ ಎಂದು ಅದರ ಅರ್ಥವಲ್ಲ, ಜನರ ಬಣ್ಣ, ಮೂಲದ ಕಾರಣಕ್ಕೆ ಅವರಿಗೆ ತಕ್ಕ ಸೇವೆ ಕೊಡುವುದರಲ್ಲಿ ಸಂಸ್ಥೆ ಒಟ್ಟಾಗಿ ಸೋಲುವುದು, ಅರಿವಿಲ್ಲದೆಯೂ ಸೋಲುವುದು. ವಿಚಾರಣೆಯಲ್ಲಿ ಆ ಪದವನ್ನು ನಿರಾಕರಿಸಿದ್ದ ಕಮಿಷನರ್ ಪಾಲ್ ಕಾಂಡನ್ ಕೊನೆಗೆ ವ್ಯಾಖ್ಯಾನವನ್ನು ಒಪ್ಪಿದರು. ಆದರೆ ಕೊಲೆಗಾರರಲ್ಲಿ ಇಬ್ಬರಿಗೆ ಶಿಕ್ಷೆಯಾಗುವ ಹೊತ್ತಿಗೆ 2012 ಬಂದಿತ್ತು.

ಮ್ಯಾಕ್‌ಫರ್ಸನ್ ವರದಿ ಬಂದ ಆಸುಪಾಸಿನ ವರ್ಷಗಳಲ್ಲೇ ಭಾರತ ಮೂಲದ ಸಾರ್ಜೆಂಟ್ ಗುರ್ಪಾಲ್ ವಿರ್ದಿ ಅವರನ್ನು, ತಮಗೂ ಸಹೋದ್ಯೋಗಿಗಳಿಗೂ ಬಂದ ಜನಾಂಗದ್ವೇಷದ ಪತ್ರಗಳನ್ನು ಅವರೇ ಕಳುಹಿಸಿದರೆಂದು ಆರೋಪಿಸಿ ವಜಾ ಮಾಡಲಾಗಿತ್ತು. ಜನಾಂಗೀಯ ತಾರತಮ್ಯ ನಡೆದಿದೆ ಎಂದು 2000ದಲ್ಲಿ ನ್ಯಾಯಮಂಡಳಿ ತೀರ್ಪಿತ್ತಿತು. ಆಮೇಲೆ ಅವರು ಕೆಲಸಕ್ಕೆ ಮರಳಿದರು.

ಹೆಂಗಸರ ವಿಷಯದಲ್ಲಿ ಮೌನ ಒಡೆಯಲು ಒಂದು ಕೊಲೆ ಬೇಕಾಯಿತು. 2021ರ ಮಾರ್ಚ್ 3ರಂದು ಕರ್ತವ್ಯನಿರತ ಪೊಲೀಸನಂತೆ ಗುರುತಿನ ಚೀಟಿ ತೋರಿಸಿ ಸಾರಾ ಎವರಾರ್ಡ್ ಅವರನ್ನು ಅಪಹರಿಸಿ ಕೊಂದವನು ವೇಯ್ನ್ ಕಜನ್ಸ್. ಅವನು ಇದೇ ಪಡೆಯ ಅಧಿಕಾರಿ. ಅಶ್ಲೀಲ ಅಂಗಪ್ರದರ್ಶನದ ದೂರು, ಅವನ ಕಾರಿನ ಸುಳಿವಿನ ಸಮೇತ, ಕೊಲೆಗೆ ಮುಂಚೆಯೇ ಪೊಲೀಸರ ಕೈಯಲ್ಲಿತ್ತು. ಅವನಿದ್ದ ವಿಭಾಗದಲ್ಲೇ ಇದ್ದ ಡೇವಿಡ್ ಕ್ಯಾರಿಕ್, 24 ಅತ್ಯಾಚಾರ ಆರೋಪಗಳೂ ಸೇರಿ 49 ಅಪರಾಧಗಳನ್ನು 2023ರ ಜನವರಿಯ ವೇಳೆಗೆ ಒಪ್ಪಿಕೊಂಡ. ಅವನ ಮೇಲೆ ದೂರುಗಳು ಬಂದಿದ್ದರೂ 2009ರಲ್ಲಿ ಅವನ ಕೈಗೆ ಬಂದೂಕು ಕೊಟ್ಟಿದ್ದರು. 2017ರಲ್ಲಿ ಹಿನ್ನೆಲೆ ಪರಿಶೀಲನೆಯಲ್ಲಿಯೂ ಪಾಸಾಗಿದ್ದ. ಇದನ್ನು ಒಬ್ಬ ವ್ಯಕ್ತಿಯ ತಪ್ಪು ಎನ್ನಲು ನನ್ನಿಂದ ಸಾಧ್ಯವಿಲ್ಲ. 2013ರಿಂದ ಒಂದಕ್ಕಿಂತ ಹೆಚ್ಚು ದುರ್ನಡತೆ ಪ್ರಕರಣ ಎದುರಿಸಿದ 1,809 ಮಂದಿಯಲ್ಲಿ ವಜಾ ಆದವರು ಕೇವಲ 13 ಎಂದು ಕೇಸಿ ಲೆಕ್ಕ ಕೊಟ್ಟಿದ್ದರು.

ರೌಲಿ ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲರ ಹಿನ್ನೆಲೆಯನ್ನು ಮತ್ತೆ ಜಾಲಾಡಿಸಿದರು. ಪರಿಶೀಲನೆಯಲ್ಲಿ ಫೇಲಾದವರನ್ನು ಅಷ್ಟರಿಂದಲೇ ಕೆಲಸದಿಂದ ತೆಗೆಯಲಾಗದು ಎಂದು 2025ರ ಫೆಬ್ರುವರಿಯಲ್ಲಿ ಹೈಕೋರ್ಟ್ ಹೇಳಿದಾಗ, ಸರ್ಕಾರ ಅದೇ ವರ್ಷ ನಿಯಮವನ್ನೇ ಬದಲಿಸಿತು.

ಚೇರಿಂಗ್ ಕ್ರಾಸ್ ಠಾಣೆಯ ಪೊಲೀಸರು ಅತ್ಯಾಚಾರ, ಹೊಡೆತಗಳ ಬಗ್ಗೆ ಪರಸ್ಪರ ಕಳುಹಿಸಿಕೊಂಡ ಸಂದೇಶಗಳು 2022ರ ಫೆಬ್ರುವರಿಯಲ್ಲಿ ಬಯಲಾಗಿ, ಅದೇ ತಿಂಗಳು ಅಂದಿನ ಕಮಿಷನರ್ ಕ್ರೆಸಿಡಾ ಡಿಕ್ ರಾಜೀನಾಮೆ ಘೋಷಿಸಿದ್ದರು. 2025ರ ಅಕ್ಟೋಬರ್‌ನಲ್ಲಿ ಪ್ರಸಾರವಾದ ಬಿಬಿಸಿ ಕಾರ್ಯಕ್ರಮದ ರಹಸ್ಯ ಕ್ಯಾಮೆರಾ ಹೆಂಗಸರ, ಮುಸ್ಲಿಮರ ಬಗ್ಗೆ ಪೊಲೀಸರಾಡಿದ ಹೀನ ಮಾತುಗಳನ್ನು ಸೆರೆಹಿಡಿದದ್ದು ಇದೇ ಚೇರಿಂಗ್ ಕ್ರಾಸ್‌ನಲ್ಲಿ.